ಮನೋವೈದ್ಯ ವಾರ್ಡಿನಲ್ಲಿ ಭಾವಿ ವೈದ್ಯರು: ಕಲಿಯುವುದೇನು?

ಸ್ಟೆತಾಸ್ಕೋಪ್, ಎಕ್ಸ್‌ರೇ, ರಕ್ತಪರೀಕ್ಷೆಗಳಿಗೆ ಒಗ್ಗಿಹೋದ ವೈದ್ಯಕೀಯ ವಿದ್ಯಾರ್ಥಿಗೆ ಮನೋವೈದ್ಯ ವಿಭಾಗದ ಮೊದಲ ದಿನ ಕೈ ಕಟ್ಟಿಹಾಕಿದಂತೆ ಭಾಸವಾಗುವುದು ಸಹಜ. ಬಹುಪಾಲು ಮನೋರೋಗಗಳನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ಥೈರಾಯ್ಡ್ ದೋಷ, ವಿಟಮಿನ್ ಬಿ-12 ಕೊರತೆಯಂತಹ ದೈಹಿಕ ಕಾರಣಗಳಿವೆಯೇ ಎಂದು ತಿಳಿಯಲು ಪ್ರಯೋಗಾಲಯ ನೆರವಾಗುತ್ತದೆ. ಉಳಿದದ್ದು ರೋಗಿಯ ಮಾತು, ಮನೆಯವರ ಹೇಳಿಕೆ ಹಾಗೂ ವೈದ್ಯರ ಅವಲೋಕನವನ್ನೇ ಅವಲಂಬಿಸಿದೆ.

ಎಂ.ಬಿ.ಬಿ.ಎಸ್. ಹಂತದ ಈ ತರಬೇತಿಯ ಗುರಿ ಮನೋವೈದ್ಯರನ್ನು ತಯಾರಿಸುವುದಲ್ಲ. ಮುಂದೆ ಯಾವ ವಿಭಾಗದಲ್ಲಿ ದುಡಿದರೂ ಎದುರಿಗೆ ಬಂದ ಮನಸ್ಸಿನ ಕಾಯಿಲೆಯನ್ನು ಗುರುತಿಸಬಲ್ಲ ವೈದ್ಯರನ್ನು ರೂಪಿಸುವುದೇ ಇದರ ಉದ್ದೇಶ.

ಪಠ್ಯಕ್ರಮದಲ್ಲಿ ಸ್ಥಾನ

ಭಾರತೀಯ ವೈದ್ಯಕೀಯ ಪರಿಷತ್ತಿನ 1997ರ ನಿಯಮಾವಳಿಯಂತೆ ವಿದ್ಯಾರ್ಥಿಗೆ ಈ ವಿಭಾಗದಲ್ಲಿ ದೊರೆಯುತ್ತಿದ್ದ ಕ್ಲಿನಿಕಲ್ ತರಬೇತಿ ಎರಡೇ ವಾರ. ಪ್ರತ್ಯೇಕ ಪರೀಕ್ಷೆಯೂ ಇರಲಿಲ್ಲ. ಪ್ರಶ್ನೆಗಳು ಸಾಮಾನ್ಯ ವೈದ್ಯಶಾಸ್ತ್ರದ ಪತ್ರಿಕೆಯಲ್ಲೇ ಅಡಕವಾಗಿರುತ್ತಿದ್ದವು. 2019ರ ಸಾಮರ್ಥ್ಯ ಆಧಾರಿತ ಪಠ್ಯಕ್ರಮವು ತರಬೇತಿಯ ಅವಧಿಯನ್ನು ಹೆಚ್ಚಿಸಿತಾದರೂ ಪ್ರತ್ಯೇಕ ಪತ್ರಿಕೆ ನೀಡಲಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯು ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ಎರಡು ವಾರ ಮನೋವೈದ್ಯ ವಿಭಾಗದಲ್ಲಿ ಸೇವೆ ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು.

ಮನಃಸ್ಥಿತಿ ಪರೀಕ್ಷೆ

ವಿದ್ಯಾರ್ಥಿ ಮೊದಲು ಕರಗತ ಮಾಡಿಕೊಳ್ಳಬೇಕಾದದ್ದು ಮನಃಸ್ಥಿತಿ ಪರೀಕ್ಷೆ. ರೋಗಿಯ ಉಡುಗೆ ಮತ್ತು ವರ್ತನೆ, ಮಾತಿನ ಗತಿ, ಭಾವಸ್ಥಿತಿ, ಆಲೋಚನೆ, ಗ್ರಹಿಕೆ, ಜ್ಞಾಪಕಶಕ್ತಿ, ವಿವೇಚನೆ ಹಾಗೂ ತನಗೆ ಕಾಯಿಲೆ ಇದೆಯೆಂಬ ಅರಿವು, ಇವೆಲ್ಲವನ್ನೂ ಕ್ರಮವಾಗಿ ಗಮನಿಸಿ ದಾಖಲಿಸಬೇಕು.

ಗಮನಶಕ್ತಿಯನ್ನು ಅಳೆಯಲು 100ರಿಂದ ಏಳೇಳನ್ನು ಕಳೆಯುತ್ತಾ ಹೋಗುವಂತೆ ಹೇಳುವುದು ರೂಢಿ. ಶಾಲೆಯ ಮೆಟ್ಟಿಲು ಹತ್ತದವರಿಗೆ ವಾರದ ದಿನಗಳನ್ನು ಕೊನೆಯಿಂದ ಮೊದಲಿಗೆ ಹೇಳಿಸಲಾಗುತ್ತದೆ. ಅಮೂರ್ತ ಚಿಂತನೆಯ ಪರೀಕ್ಷೆಗೆ ಗಾದೆಗಳು ಬಳಕೆಯಾಗುತ್ತವೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದಕ್ಕೆ ವರಮಾನಕ್ಕೆ ತಕ್ಕಂತೆ ಖರ್ಚು ಮಾಡಬೇಕು ಎಂದು ಒಬ್ಬರು ಅರ್ಥ ಹೇಳಬಹುದು. ಹಾಸಿಗೆ ಚಿಕ್ಕದಾದರೆ ಕಾಲು ಮಡಚಿಕೊಳ್ಳಬೇಕು ಎಂದು ಇನ್ನೊಬ್ಬರು ಹೇಳಬಹುದು. ಆದರೆ ಒಂದು ಉತ್ತರದಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ರೋಗಿಯ ಓದು, ಮನೆಮಾತು, ಬೆಳೆದ ಪರಿಸರಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು.

ರಾಜ್ಯದ ಕಾಲೇಜುಗಳಲ್ಲಿ ಓದುವ ಹೊರರಾಜ್ಯದ ವಿದ್ಯಾರ್ಥಿಗಳಿಗೆ ಭಾಷೆಯ ತೊಡಕು ಹೆಚ್ಚು ಕಾಡುವುದು ಇಲ್ಲಿಯೇ. ಹೊಟ್ಟೆನೋವನ್ನು ಕೈಸನ್ನೆಯಿಂದಲಾದರೂ ತಿಳಿಯಬಹುದು. ‘ಬೇಜಾರು’ ಎಂಬ ಒಂದೇ ಮಾತು ಬೇಸರವೋ, ದುಃಖವೋ, ಬದುಕೇ ಬೇಡವೆನಿಸಿದ ಸ್ಥಿತಿಯೋ ಎಂಬುದನ್ನು ತಿಳಿಯಲು ಕನ್ನಡವೇ ಬೇಕು.

ದೇಹದ ದೂರು, ಮನಸ್ಸಿನ ನೋವು

ಖಿನ್ನತೆಯಿಂದ ಬಳಲುವ ಎಲ್ಲರೂ ಮನಸ್ಸು ಸರಿಯಿಲ್ಲವೆಂದು ಹೇಳಿಕೊಂಡು ಬರುವುದಿಲ್ಲ. ಸುಸ್ತು, ತಲೆಭಾರ, ಕೈಕಾಲು ಉರಿ, ಎದೆ ಢವಢವ, ನಿದ್ರಾಹೀನತೆ ಎಂಬ ದೂರುಗಳೊಂದಿಗೆ ಅನೇಕರು ಸಾಮಾನ್ಯ ವೈದ್ಯರ ಬಳಿಗೇ ಹೋಗುತ್ತಾರೆ. ತರಬೇತಿ ಇಲ್ಲದಿದ್ದರೆ ವಿಟಮಿನ್ ಚುಚ್ಚುಮದ್ದಿನೊಂದಿಗೆ ಚಿಕಿತ್ಸೆ ಮುಗಿಯುತ್ತದೆ. ಕಾಯಿಲೆ ಹಾಗೆಯೇ ಉಳಿಯುತ್ತದೆ.

ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಸಮೀಕ್ಷೆಯ ವೇಳೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿಂದ ಬಳಲುತ್ತಿದ್ದರು. ಬಹುತೇಕ ಸಮಸ್ಯೆಗಳಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇ. 70ಕ್ಕೂ ಹೆಚ್ಚಾಗಿತ್ತು.

ಇತರ ವಾರ್ಡ್‌ಗಳಲ್ಲೂ ಈ ಪಾಠ ಉಪಯೋಗಕ್ಕೆ ಬರುತ್ತದೆ. ಮೂಳೆ ಮುರಿದು ದಾಖಲಾದ ಮದ್ಯವ್ಯಸನಿಯೊಬ್ಬರು ಎರಡು ಮೂರು ದಿನಗಳಲ್ಲಿ ನಡುಗುತ್ತಾ, ಇಲ್ಲದ್ದನ್ನು ಕಂಡಂತೆ ಬಡಬಡಿಸತೊಡಗಿದರೆ ಅದು ‘ಹುಚ್ಚು’ ಅಲ್ಲ. ಮದ್ಯ ಹಠಾತ್ತನೆ ನಿಂತದ್ದರಿಂದ ಉಂಟಾಗುವ, ಪ್ರಾಣಕ್ಕೆ ಅಪಾಯವಿರುವ ಈ ಸ್ಥಿತಿಯನ್ನು ಕೂಡಲೇ ಗುರುತಿಸಬೇಕು.

ಕೇಳಲು ಅಂಜುವ ಪ್ರಶ್ನೆ

‘ಸಾಯಬೇಕು ಎಂದು ಎಂದಾದರೂ ಅನ್ನಿಸಿದೆಯೇ?’ ಎಂದು ರೋಗಿಯನ್ನು ಕೇಳುವುದು ವಿದ್ಯಾರ್ಥಿಗಳಿಗೆ ಅತ್ಯಂತ ಕಠಿಣವಾದ ಪಾಠ. ಕೇಳಿದರೆ ಇಲ್ಲದ ಆಲೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ವ್ಯಾಪಕವಾಗಿದೆ. ಇದಕ್ಕೆ ಆಧಾರವಿಲ್ಲ ಎಂಬುದು ಅಧ್ಯಯನಗಳಿಂದ ತಿಳಿದುಬಂದಿದೆ. ಶಾಂತವಾಗಿ, ನೇರವಾಗಿ ಕೇಳಿದಾಗ ಹಲವರು ಮನಸ್ಸಿನ ಭಾರ ಇಳಿಸಿಕೊಳ್ಳುತ್ತಾರೆ. ಕೇಳಿದ ಮೇಲೆ ರೋಗಿಯನ್ನು ಒಂಟಿಯಾಗಿ ಬಿಡದೆ ಹಿರಿಯ ವೈದ್ಯರ ಗಮನಕ್ಕೆ ತರುವುದೂ ಪಾಠದ ಭಾಗವೇ ಆಗಿದೆ.

ಕಾನೂನಿನ ಪಾಠ

2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಮುಂದೆ ಕಾಯಿಲೆ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನೂ ನೀಡಿದೆ. ಸಿನಿಮಾ ನೋಡಿ ‘ಕರೆಂಟ್ ಶಾಕ್’ ಎಂದರೆ ಬೆಚ್ಚುವ ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಕಾಣಸಿಗುವ ಚಿತ್ರ ಬೇರೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ನೀಡದೆ ವಿದ್ಯುತ್ ಕಂಪನ ಚಿಕಿತ್ಸೆ ಕೊಡುವುದನ್ನು ಇದೇ ಕಾಯ್ದೆ ನಿಷೇಧಿಸಿದೆ.

ಬಳ್ಳಾರಿಯ ಮಾದರಿ

ಸಾಮಾನ್ಯ ವೈದ್ಯರಿಗೂ ಮನೋವೈದ್ಯದ ತರಬೇತಿ ನೀಡಬೇಕೆಂಬ ಚಿಂತನೆಗೆ ಕರ್ನಾಟಕದಲ್ಲಿ ಹಳೆಯ ನಂಟಿದೆ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಸಿಬ್ಬಂದಿಗೆ ತರಬೇತಿ ನೀಡಿ, ಊರಿನ ಸಮೀಪವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು.

ಆ ಕೇಂದ್ರಗಳಲ್ಲಿ ನಾಳೆ ಕುಳಿತುಕೊಳ್ಳುವವರು ಇಂದಿನ ವಿದ್ಯಾರ್ಥಿಗಳೇ. ‘ನಿದ್ದೆ ಬರುವುದಿಲ್ಲ ಡಾಕ್ಟ್ರೇ’ ಎಂದು ಬಂದವರನ್ನು ಇನ್ನೂ ಎರಡು ಪ್ರಶ್ನೆ ಕೇಳುವ ಅಭ್ಯಾಸ ಅವರಿಗೆ ಆಗಿದೆಯೇ ಎಂಬುದರ ಮೇಲೆ ಅನೇಕ ರೋಗಿಗಳ ಭವಿಷ್ಯ ನಿಂತಿದೆ.

(ಮಾನಸಿಕ ನೆರವಿಗಾಗಿ ಟೆಲಿ-ಮಾನಸ್ ಉಚಿತ ಸಹಾಯವಾಣಿ: 14416)