ಒಂಟಿಮನೆಗೆ ಬಂದ ತಂತಿ

ಕಿತ್ತೂರು ಎಂದೊಡನೆ ನಮಗೆ ಚೆನ್ನಮ್ಮ ನೆನಪಾಗುತ್ತಾಳೆ, 1824 ನೆನಪಾಗುತ್ತದೆ. ಅದೇ ಊರಿಗೆ ಇನ್ನೊಂದು ಇಸವಿಯೂ ಇದೆ, ಅದನ್ನು ನೆನೆಯುವವರು ಕಡಿಮೆ. 1986ರ ಜುಲೈನಲ್ಲಿ ಸಿ-ಡಾಟ್ ಸಂಸ್ಥೆ ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ಎಕ್ಸ್‌ಚೇಂಜ್ ಕಿತ್ತೂರಿನಲ್ಲಿ ಕೆಲಸ ಶುರುಮಾಡಿತು. 128 ಪೋರ್ಟುಗಳ ಸಣ್ಣ ಯಂತ್ರ. ಇಲಾಖೆಯವರ ಬಾಯಲ್ಲಿ ಅದು 'ರ‍್ಯಾಕ್ಸ್'.

ಸಿ-ಡಾಟ್ ಹುಟ್ಟಿದ್ದು 1984ರ ಆಗಸ್ಟ್‌ನಲ್ಲಿ. ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವ. 36 ತಿಂಗಳು, 36 ಕೋಟಿ ರೂಪಾಯಿ ಎಂಬುದು ಆಗಿನ ಮಾತು. ವಿದೇಶದಿಂದ ಬರುತ್ತಿದ್ದ ಡಿಜಿಟಲ್ ಎಕ್ಸ್‌ಚೇಂಜುಗಳು ದೊಡ್ಡ ನಗರಗಳಿಗೆ ಹೇಳಿಸಿದವು, ತಂಪು ಕೋಣೆಯಲ್ಲಿ ಇಡಬೇಕಾದವು. ರ‍್ಯಾಕ್ಸ್ ಹಾಗಲ್ಲ. ಹವಾನಿಯಂತ್ರಣ ಇಲ್ಲದ, ದೂಳು ಹಾರುವ ಹೋಬಳಿಯ ಬಾಡಿಗೆ ಕೋಣೆಯಲ್ಲೂ ನಡೆಯಬೇಕು ಎಂದೇ ಅದನ್ನು ಮಾಡಿದ್ದರು. ನಮ್ಮ ಆಧುನಿಕತೆಯ ಚರಿತ್ರೆಯಲ್ಲಿ ರೈಲು, ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳಿಗೆ ಸಿಕ್ಕಿರುವ ಪುಟಗಳಲ್ಲಿ ಕಾಲುಭಾಗವೂ ಈ ಪೆಟ್ಟಿಗೆಗೆ ಸಿಕ್ಕಿಲ್ಲ ಎಂಬುದು ನನ್ನ ತಕರಾರು. ಹಳ್ಳಿಯ ಮನೆಯೊಳಗೆ ಟ್ರಿಣ್ ಎಂದು ಗಂಟೆ ಬಾರಿಸಿದ್ದು ಅದೇ.

ಆದರೆ ಎಕ್ಸ್‌ಚೇಂಜ್ ಎಷ್ಟೇ ಹೊಸದಾಗಿರಲಿ, ಅಲ್ಲಿಂದ ಮನೆಗೆ ಬರುವುದು ಎರಡೆಳೆ ತಾಮ್ರದ ತಂತಿ. ಮಲೆನಾಡಿನ ಸಂಪರ್ಕ ಚರಿತ್ರೆಯನ್ನು ಓದುತ್ತಾ ನನಗೆ ಮತ್ತೆ ಮತ್ತೆ ಎದುರಾಗುವುದು ಈ ಎರಡೆಳೆಯ ಉದ್ದ. ಬಯಲುಸೀಮೆಯ ಊರಲ್ಲಿ ಮನೆಗೆ ಮನೆ ಗೋಡೆ ತಾಗಿರುತ್ತದೆ. ನಡುವೆ ಒಂದು ಎಕ್ಸ್‌ಚೇಂಜ್ ಇಟ್ಟರೆ ಎಲ್ಲರೂ ಕೂಗಳತೆಯಲ್ಲೇ ಇರುತ್ತಾರೆ. ತೀರ್ಥಹಳ್ಳಿ, ಹೊಸನಗರ, ಸಿದ್ದಾಪುರದ ಕಡೆ ಊರು ಎಂಬುದು ಕಂದಾಯದ ಕಾಗದದಲ್ಲಿ ಮಾತ್ರ. ಮನೆ ಇರುವುದು ತನ್ನ ಅಡಿಕೆ ತೋಟದ ತಲೆಯಲ್ಲಿ, ಪಕ್ಕದ ಮನೆ ಗುಡ್ಡದಾಚೆಯ ಇನ್ನೊಂದು ಕಣಿವೆಯಲ್ಲಿ. ತೋಟ ಎಲ್ಲಿ ನೀರಿತ್ತೋ ಅಲ್ಲಿ ಎದ್ದಿತು, ಮನೆ ತೋಟದ ಹಿಂದೆ ಹೋಯಿತು. ನೂರಾರು ವರ್ಷದ ಹಿಂದಿನ ಆ ನೀರಿನ ಲೆಕ್ಕಾಚಾರವೇ ಮುಂದೆ ಯಾರಿಗೆ ಇಂಟರ್ನೆಟ್ ಸಿಗಬೇಕು, ಯಾರಿಗೆ ಸಿಗಬಾರದು ಎಂದು ತೀರ್ಮಾನಿಸಿತು.

ಹೇಗೆಂದರೆ, ಮನುಷ್ಯನ ಮಾತು ಸಾಗಿಸಲು ದೂರವಾಣಿ ಬಳಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳನ್ನು. ಅದರ ಮೇಲಿನ ಜಾಗವೆಲ್ಲ ತಂತಿಯಲ್ಲಿ ಖಾಲಿ ಬಿದ್ದಿರುತ್ತದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್‌ಕೋರ್ ಪ್ರಯೋಗಾಲಯದ ಜೋಸೆಫ್ ಲೆಕ್ಲೈಡರ್ ಈ ಜಾಗದಲ್ಲಿ ಮನೆಯ ಕಡೆಗೆ ಹೆಚ್ಚು, ಮನೆಯಿಂದ ಹೊರಗೆ ಕಡಿಮೆ ಮಾಹಿತಿ ಹರಿಸುವ ಉಪಾಯ ಮುಂದಿಟ್ಟರು. ಅದೇ ಎಡಿಎಸ್‌ಎಲ್. ಆಗ ಕಣ್ಣಿದ್ದದ್ದು ಫೋನ್ ತಂತಿಯಲ್ಲಿ ಮನೆಮನೆಗೆ ಸಿನಿಮಾ ಕಳಿಸುವುದರ ಮೇಲೆ! ಈ ಪದ್ಧತಿ ಸುಮಾರು 11 ಲಕ್ಷ ಹರ್ಟ್ಸ್‌ವರೆಗೂ ಹೋಗುತ್ತದೆ. ಕಂಪನ ಏರಿದಷ್ಟೂ ತಾಮ್ರದಲ್ಲಿ ಅದು ಬೇಗ ಸೊರಗುತ್ತದೆ. ಎಕ್ಸ್‌ಚೇಂಜಿನಿಂದ ಒಂದೆರಡು ಕಿಲೋಮೀಟರಿನಲ್ಲಿ ಚೆನ್ನಾಗಿ ಓಡುವ ಸಂಕೇತ, ಐದು ದಾಟುವಷ್ಟರಲ್ಲಿ ಉಸಿರು ಬಿಡುತ್ತದೆ. ಮಾತು ಮಾತ್ರ ಅಲ್ಲಿಗೂ ತಲುಪುತ್ತಿರುತ್ತದೆ.

2004ರಲ್ಲಿ ಕೇಂದ್ರ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಬಂತು. ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಅದು ಕರೆಯಿತು. 2005ರ ಆರಂಭದಲ್ಲಿ ಬಿಎಸ್‌ಎನ್‌ಎಲ್ 'ಡೇಟಾವನ್' ಹೆಸರಿನಲ್ಲಿ ಸೇವೆ ತೆರೆಯಿತು. 2013ರಲ್ಲಿ ಆ ಗೆರೆ 512ಕ್ಕೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. ತಂತಿ ಅದೇ, ಮನೆ ಅದೇ. ವ್ಯಾಖ್ಯೆ ಬದಲಾದಾಗ ಒಂದು ಕಾಲಕ್ಕೆ ಬ್ರಾಡ್‌ಬ್ಯಾಂಡ್ ಇದ್ದ ಮನೆ ಇನ್ನೊಂದು ಕಾಲಕ್ಕೆ ಇಲ್ಲದ ಮನೆಯಾಗಬಹುದು. ಅಂಕಿಅಂಶ ಓದುವವರು ಇದನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು.

ಕ್ಷೇತ್ರಕಾರ್ಯದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ನಿವೃತ್ತ ಲೈನ್‌ಮನ್‌ಗಳ ಜೊತೆ. ಪಿಲ್ಲರ್ ಎಲ್ಲಿ, ಡಿಪಿ ಎಲ್ಲಿ, ಯಾವ ಹಲಸಿನ ಮರದ ಕೊಂಬೆಗೆ ತಂತಿ ತಾಗುತ್ತದೆ, ಯಾವ ಸಂಕದ ಬಳಿ ಕೇಬಲ್ಲಿಗೆ ನೀರು ನುಗ್ಗುತ್ತದೆ, ಎಲ್ಲ ಅವರ ತಲೆಯಲ್ಲಿತ್ತು. ಗಾಳಿಮಳೆಗೆ ತಂತಿ ಹರಿದರೆ ತುದಿಗಳ ಸಿಪ್ಪೆ ಸುಲಿದು, ಕೈಯಲ್ಲೇ ತಿರುಚಿ, ಟೇಪು ಸುತ್ತಿ ಮುಂದಿನ ಮನೆಗೆ ನಡೆಯುತ್ತಿದ್ದರು. ಒಂದೊಂದು ಲೈನಿನಲ್ಲಿ ಇಂಥ ಎಷ್ಟು ಗಂಟುಗಳಿದ್ದವೋ! ಮಾತಿಗೆ ಗಂಟು ಅಡ್ಡಿಯಾಗಲಿಲ್ಲ, ಖರಖರ ಎಂದರೂ ಕೇಳಿಸುತ್ತಿತ್ತು. ಮೋಡೆಮ್ ಬಂದಾಗ ಪ್ರತಿ ಗಂಟಿನ ಕಿಲುಬೂ ಲೆಕ್ಕಕ್ಕೆ ಬಂತು. ರಿಸೀವರ್ ಎತ್ತಿದರೆ, ಇಲ್ಲವೇ ಫೋನ್ ರಿಂಗಾದರೆ, ನೆಟ್ ಕಡಿದುಹೋಗುವ ಮನೆಗಳಿದ್ದವಲ್ಲ, ಅದಕ್ಕೆ ಇಂಥ ಹಾಳಾದ ಗಂಟು ಒಂದು ದೊಡ್ಡ ಕಾರಣ. ಮನೆಯವರು ಮೋಡೆಮ್ಮನ್ನು ಬೈಯುತ್ತಿದ್ದರು, ತೊಂದರೆ ಎರಡು ಗುಡ್ಡದಾಚೆ ಇರುತ್ತಿತ್ತು.

ಗುಡುಗು ಶುರುವಾದರೆ ತಂತಿ ಕಿತ್ತಿಡುವುದು ಮಲೆನಾಡಿನ ಮಕ್ಕಳಿಗೂ ಗೊತ್ತಿದ್ದ ವಿದ್ಯೆ. ಉದ್ದದ ತಾಮ್ರ ಸಿಡಿಲಿಗೆ ಆಹ್ವಾನ ಕೊಟ್ಟ ಹಾಗೆ. ಕರೆಂಟಿನದು ಇನ್ನೊಂದು ಕಥೆ. ಹಳೆಯ ಫೋನಿಗೆ ಬೇಕಾದ 48 ವೋಲ್ಟ್ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಆದ್ದರಿಂದ ವಾರಗಟ್ಟಲೆ ಕರೆಂಟಿಲ್ಲದ ಆಷಾಢದಲ್ಲೂ, ಎಕ್ಸ್‌ಚೇಂಜಿನ ಬ್ಯಾಟರಿಗೆ ಜೀವವಿರುವಷ್ಟು ಕಾಲ, ಫೋನ್ ಬದುಕಿರುತ್ತಿತ್ತು. ಮೋಡೆಮ್ಮಿಗೆ ಮನೆಯ ಕರೆಂಟೇ ಬೇಕು. ಹೊಸ ಸೌಲಭ್ಯ ಹಳೆಯದರ ಈ ಒಂದು ಗುಣವನ್ನು ಉಳಿಸಿಕೊಳ್ಳಲಿಲ್ಲ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಗುರಿ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳು. ಯೋಜನೆಯ ಕಣ್ಣಿನಲ್ಲಿ ಪಂಚಾಯಿತಿ ಕಚೇರಿ ತಲುಪಿದರೆ ಹಳ್ಳಿ ತಲುಪಿದಂತೆ. ಮಲೆನಾಡಿನಲ್ಲಿ ಪಂಚಾಯಿತಿಯಿಂದ ಮನೆಗೆ ಇರುವ ದೂರ ಎಷ್ಟೋ ಕಡೆ ಎಕ್ಸ್‌ಚೇಂಜಿನಿಂದ ಮನೆಗೆ ಇದ್ದಷ್ಟೇ.

ಈ ಚರಿತ್ರೆಯಲ್ಲಿ ನನಗೆ ಅತಿ ಕಠಿಣವಾಗಿ ಕಾಣುವ ದಿನಾಂಕ 2020ರ ಜನವರಿ 31. ಬಿಎಸ್‌ಎನ್‌ಎಲ್‌ನ ಸ್ವಯಂನಿವೃತ್ತಿ ಯೋಜನೆಯಡಿ ಸುಮಾರು 78 ಸಾವಿರ ನೌಕರರು ಅಂದು ಒಂದೇ ದಿನ ಕೆಲಸದಿಂದ ಹೊರಬಂದರು. ಐವತ್ತು ದಾಟಿದವರು, ಅವರಲ್ಲಿ ಕಂಬ ಹತ್ತಿ ಇಳಿದವರೂ ಇದ್ದರು. ಸಂಸ್ಥೆಯ ನಷ್ಟದ ಲೆಕ್ಕ ನಿಜವೇ. ಎರಡು ತಿಂಗಳೊಳಗೆ ಲಾಕ್‌ಡೌನ್ ಬಂತು, ಶಾಲೆ-ಕಾಲೇಜು ಮನೆಗೆ ಬಂದವು. ಮಲೆನಾಡಿನ ಹುಡುಗ ಹುಡುಗಿಯರು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಟಾರ್ಪಾಲು ಕಟ್ಟಿ, ಕೊಡೆ ಹಿಡಿದು ಪಾಠ ಕೇಳಿದ್ದನ್ನು ಪತ್ರಿಕೆಗಳು ಅಚ್ಚರಿಯೆಂಬಂತೆ ಬರೆದವು. ಅವರಲ್ಲಿ ಎಷ್ಟೋ ಮಂದಿಯ ಮನೆಗೆ ಹಿಂದೊಮ್ಮೆ ತಂತಿ ಬಂದಿತ್ತು ಎಂಬುದನ್ನು ಮಾತ್ರ ಬರೆಯಲಿಲ್ಲ. ಆ ತಂತಿಯ ಗಂಟು ಎಲ್ಲೆಲ್ಲಿದೆ ಎಂದು ಬಲ್ಲವರು ಆಗಷ್ಟೇ ಮನೆಗೆ ಹೋಗಿದ್ದರು.

ಈಗ ಆ ದಾರಿಯಲ್ಲೇ ಫೈಬರ್ ಬರುತ್ತಿದೆ. ಕೆಲವು ಕಡೆ ಕೇಬಲ್ ಟಿವಿಯವರು, ಕೆಲವು ಕಡೆ ನಾಲ್ಕಾರು ಮನೆಯವರು ಸೇರಿ ಹಣ ಹಾಕಿ ಎಳೆಸಿಕೊಂಡದ್ದು. ಮರದಿಂದ ಮರಕ್ಕೆ ಹಾಯುವ ಗಾಜಿನ ಎಳೆಗೆ ದೂರದ ಭಯವಿಲ್ಲ. ಹತ್ತು ಕಿಲೋಮೀಟರ್ ಅದಕ್ಕೆ ಏನೂ ಅಲ್ಲ. ಆದರೆ ಕೊಂಬೆ ಬಿದ್ದು ಕಡಿದರೆ ಕೈಯಲ್ಲಿ ತಿರುಚಿ ಕೂಡಿಸಲಾಗದು. ಎರಡು ತುದಿಗಳನ್ನು ಕರಗಿಸಿ ಬೆಸೆಯುವ ಯಂತ್ರ ಬೇಕು, ಯಂತ್ರ ಪೇಟೆಯಲ್ಲಿರುತ್ತದೆ. ಮಳೆಗಾಲದಲ್ಲಿ ಅದನ್ನು ಹೊತ್ತವನು ಬರುವವರೆಗೆ ನಾಲ್ಕೂ ಮನೆ ಕಾಯುತ್ತವೆ.