ಕಾಡಿನ ಬಿಡಾರದಲ್ಲಿ ಒಂದು ಹಸುಗೂಸು

ಮನೆಯ ಆಶ್ರಯವನ್ನು ಬಿಟ್ಟು ಕಾಡಿನಲ್ಲಿ ಬಿಡಾರ ಹೂಡಬೇಕೆಂದು ಹೊರಡುವವರು ಮೊದಲು ಸಾಮಾನಿನ ಪಟ್ಟಿಯನ್ನು ಮಾಡಿಕೊಳ್ಳುವುದು ಲೋಕರೂಢಿ. ಡೇರೆಗಳೆಷ್ಟು, ಧಾನ್ಯವೆಷ್ಟು, ಔಷಧವಾವುದು, ಆಯುಧವಾವುದು ಎಂದು ಲೆಕ್ಕಹಾಕಿದ ಬಳಿಕವೇ ಅವರು ಹೆಜ್ಜೆಯನ್ನು ಮುಂದಿಡುವರು. ಆದರೆ ಸಂಗಡ ಎಳೆಯ ಮಗುವೊಂದು ಬರುವುದಾದರೆ ಇಷ್ಟು ಸಾಕೆ? ಅದರ ಬಟ್ಟೆಬರೆ, ನಿದ್ರೆ, ಹಸಿವು, ಜ್ವರ ಇವುಗಳನ್ನು ಮುಂದಾಗಿ ಯೋಚಿಸತಕ್ಕವರು ಯಾರು? ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿ ಪ್ರಸಿದ್ಧವಾದ ಲೂಯಿಸ್ ಮತ್ತು ಕ್ಲಾರ್ಕರ ಯಾತ್ರೆಯನ್ನು ಈ ಒಂದು ದೃಷ್ಟಿಯಿಂದ ನೋಡಿದರೆ, ದೊಡ್ಡ ಗ್ರಂಥಗಳಲ್ಲಿ ಮೂಲೆಗೆ ಬಿದ್ದಿರುವ ಕೆಲವು ಸಂಗತಿಗಳು ಬೆಳಕಿಗೆ ಬರುವುವು.

ಮಿಸ್ಸೂರಿ ನದಿಯನ್ನು ಅದರ ಮೂಲದವರೆಗೆ ಏರಿ, ಪರ್ವತಗಳನ್ನು ದಾಟಿ, ಪಶ್ಚಿಮದ ಮಹಾಸಾಗರಕ್ಕೆ ದಾರಿಯನ್ನು ಕಂಡುಹಿಡಿಯಬೇಕೆಂದು ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ೧೮೦೩ರಲ್ಲಿ ಮೆರಿವೆದರ್ ಲೂಯಿಸನಿಗೆ ಆಜ್ಞಾಪಿಸಿದನು. ಈ ಕಾರ್ಯಕ್ಕಾಗಿ ಅಲ್ಲಿಯ ಶಾಸನಸಭೆಯು ೨,೫೦೦ ಡಾಲರುಗಳನ್ನು ಮಂಜೂರು ಮಾಡಿತು. ಲೂಯಿಸನು ಫಿಲಡೆಲ್ಫಿಯ ನಗರದಲ್ಲಿ ನಿಂತು ಸಾಮಾನುಗಳನ್ನು ಕೂಡಿಸಿದನು. ಬತ್ತಿಸಿದ ಮಾಂಸದ ಸಾರು ೧೯೩ ಪೌಂಡು; ವೈದ್ಯನಾದ ಬೆಂಜಮಿನ್ ರಷ್ ಎಂಬವನ ಭೇದಿಮಾತ್ರೆಗಳು ೫೦ ಡಜನ್; ಸೊಳ್ಳೆಪರದೆಗೆ ಬೇಕಾದ ಬಟ್ಟೆ; ಬಂದೂಕು, ಮದ್ದುಗುಂಡು; ದಾರಿಯ ಜನರಿಗೆ ಉಡುಗೊರೆಯಾಗಿ ಕೊಡಲು ಮಣಿಗಳು. ಆ ಪಟ್ಟಿಯು ದೂರದೃಷ್ಟಿಗೆ ಒಂದು ಮಾದರಿಯೆಂದೇ ಹೇಳಬಹುದು. ಅದರಲ್ಲಿ ಮಗುವಿಗೆ ಬೇಕಾದುದೊಂದೂ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ. ಅದು ಸೈನಿಕರ ಯಾತ್ರೆ.

ಲೂಯಿಸನ ಸಹನಾಯಕನಾದ ವಿಲಿಯಂ ಕ್ಲಾರ್ಕನೊಡನೆ ತಂಡವು ೧೮೦೪ನೆಯ ಮೇ ೧೪ರಂದು ಹೊರಟಿತು. ಚಳಿಗಾಲಕ್ಕೆ ಮುಂಚೆ ಅದು ಮಂಡನ್ ಜನರ ಹಳ್ಳಿಗಳ ಬಳಿ, ಈಗಿನ ಉತ್ತರ ಡಕೋಟ ಪ್ರಾಂತದಲ್ಲಿ, ಮರದ ಕೋಟೆಯೊಂದನ್ನು ಕಟ್ಟಿಕೊಂಡು ತಂಗಿತು. ಅಲ್ಲಿ ತೂಸಾಂ ಶಾರ್ಬೊನೊ ಎಂಬ ಫ್ರೆಂಚ್ ವ್ಯಾಪಾರಿಯು ದುಭಾಷಿಯ ಕೆಲಸಕ್ಕೆ ಸೇರಿದನು. ಅವನಿಗಿಂತಲೂ ಅವನ ಹೆಂಡತಿಯಾದ ಸಕಾಗವಿಯಾ ನಾಯಕರಿಗೆ ಹೆಚ್ಚು ಅವಶ್ಯಕಳಾಗಿದ್ದಳು. ಅವಳು ಪರ್ವತವಾಸಿಗಳಾದ ಶೊಶೋನಿ ಜನರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಶತ್ರುಗಳ ಕೈಗೆ ಸಿಕ್ಕಿ ಪೂರ್ವಕ್ಕೆ ಬಂದವಳು. ಪರ್ವತಗಳನ್ನು ದಾಟಲು ಕುದುರೆಗಳು ಬೇಕು, ಕುದುರೆಗಳು ಶೊಶೋನಿಗಳಲ್ಲಿದ್ದುವು, ಅವರ ಮಾತು ಬಲ್ಲವಳು ಅವಳೊಬ್ಬಳೇ. ೧೮೦೫ರ ಮಾರ್ಚಿಯಲ್ಲಿ ಶಾರ್ಬೊನೊ ತನ್ನ ಷರತ್ತುಗಳನ್ನು ಮುಂದಿಟ್ಟನು. ತಾನು ಪಹರೆ ಮಾಡುವುದಿಲ್ಲ, ಮೈಗೆಲಸ ಮಾಡುವುದಿಲ್ಲ, ಮನಸ್ಸಿಗೆ ಬೇಸರವಾದರೆ ಹಿಂದಿರುಗುವೆನು ಎಂದನು. ನಾಯಕರು ಒಪ್ಪದಿರಲು ಕೆಲವು ದಿನಗಳ ಮೇಲೆ ತಾನೇ ಬಂದು ಒಪ್ಪಿಕೊಂಡನು.

ಇಷ್ಟರಲ್ಲಿ ಫೆಬ್ರವರಿ ೧೧ರ ಸಾಯಂಕಾಲ ಸಕಾಗವಿಯಾ ಚೊಚ್ಚಲ ಹೆರಿಗೆಯಲ್ಲಿ ಬಹಳ ನೊಂದು ಗಂಡುಮಗುವನ್ನು ಹೆತ್ತಿದ್ದಳು. ಬುಡುಬುಡಿಕೆ ಹಾವಿನ ಬಾಲದ ಬಳೆಗಳೆರಡನ್ನು ಪುಡಿಮಾಡಿ ನೀರಿನಲ್ಲಿ ಕುಡಿಸಿದ ಹತ್ತು ನಿಮಿಷಗಳೊಳಗೆ ಹೆರಿಗೆಯಾಯಿತೆಂದೂ, ಅದು ಆ ಮದ್ದಿನ ಫಲವೋ ಅಲ್ಲವೋ ತಾನರಿಯೆನೆಂದೂ ಲೂಯಿಸನು ದಿನಚರಿಯಲ್ಲಿ ಬರೆದಿಟ್ಟಿರುವನು. ಮಗುವಿಗೆ ಜಾಂ ಬಾಪ್ತೀಸ್ತ್ ಎಂದು ಹೆಸರಾಯಿತು. ಏಪ್ರಿಲ್ ೭ರಂದು ತಂಡವು ಪಶ್ಚಿಮಕ್ಕೆ ಹೊರಟಾಗ ದೋಣಿಗಳಲ್ಲಿದ್ದವರು ೩೩ ಮಂದಿ. ಮೂವತ್ತಮೂರನೆಯವನಿಗೆ ೫೫ ದಿನಗಳ ವಯಸ್ಸು. ನಮ್ಮ ನಾಡಿನಲ್ಲಾದರೆ ಬಾಣಂತಿಯು ಇನ್ನೂ ಬೆಚ್ಚನೆಯ ಕೋಣೆಯನ್ನು ಬಿಟ್ಟಿರಲಾರಳು.

ಅಂದಿನಿಂದ ನಾಯಕರಿಬ್ಬರು, ದುಭಾಷಿಗಳಿಬ್ಬರು, ತಾಯಿ ಮತ್ತು ಮಗು, ಎಲ್ಲರಿಗೂ ಹದಮಾಡಿದ ಚರ್ಮದ ಒಂದೇ ಡೇರೆ. ಅದು ಆ ದೇಶದ ಮೂಲನಿವಾಸಿಗಳ ಮಾದರಿಯದು. ಆ ಡೇರೆಯು ಆಶ್ರಯವಾಗಿದ್ದಂತೆಯೇ ಅಪಾಯದಿಂದಲೂ ದೂರವಾಗಿರಲಿಲ್ಲ. ಮೇ ೧೭ರ ರಾತ್ರಿ ಅದರ ಮೇಲಕ್ಕೆ ಬಾಗಿದ್ದ ಮರವೊಂದಕ್ಕೆ ಬೆಂಕಿ ಹತ್ತಿಕೊಂಡಿತು. ಪಹರೆಯವನು ಎಲ್ಲರನ್ನೂ ಎಬ್ಬಿಸಿದನು. ಡೇರೆಯನ್ನು ಕಿತ್ತು ದೂರ ಒಯ್ದ ಕೆಲವೇ ನಿಮಿಷಗಳಲ್ಲಿ ಮರದ ತಲೆಯು ಮೊದಲಿನ ಸ್ಥಳದಲ್ಲಿಯೇ ಮುರಿದು ಬಿದ್ದಿತು. ಅದೇ ತಿಂಗಳಿನ ಕೊನೆಯಲ್ಲಿ ಕಾಡುಕೋಣವೊಂದು ರಾತ್ರಿ ನದಿಯನ್ನು ಈಜಿ ಬಂದು, ಮಲಗಿದ್ದವರ ತಲೆಗಳ ಬಳಿಯಲ್ಲಿಯೇ ಓಡಿ ಡೇರೆಯತ್ತ ನುಗ್ಗಿತು. ಲೂಯಿಸನ ನಾಯಿಯು ಬೊಗಳಿ ಅದನ್ನು ಬೇರೆ ಕಡೆಗೆ ತಿರುಗಿಸಿತು. ಎಚ್ಚರವುಳ್ಳ ಒಬ್ಬ ಪಹರೆಯವನು, ನಂಬಿಕೆಯ ಒಂದು ನಾಯಿ: ಕಾಡಿನ ರಾತ್ರಿಯಲ್ಲಿ ಇವು ಮಾತ್ರೆಗಳ ಡಬ್ಬಿಗಿಂತ ಹೆಚ್ಚಿನವು.

ಜೂನ್ ತಿಂಗಳಿನಲ್ಲಿ ಮಿಸ್ಸೂರಿಯ ಮಹಾಜಲಪಾತಗಳ ಸಮೀಪಕ್ಕೆ ಬಂದಾಗ ಸಕಾಗವಿಯಾ ಪ್ರಾಣಾಪಾಯದ ಕಾಯಿಲೆಯಿಂದ ಮಲಗಿದಳು. ಕೈಗೂಸಿನ ತಾಯಿಯೆಂಬ ಮರುಕವೂ, ಕುದುರೆಗಳಿಗೆ ಅವಳೇ ಆಧಾರವೆಂಬ ಚಿಂತೆಯೂ ಲೂಯಿಸನ ಬರೆವಣಿಗೆಯಲ್ಲಿ ಒಟ್ಟಿಗೇ ಕಾಣುವುವು. ಗಂಧಕದ ಬುಗ್ಗೆಯ ನೀರನ್ನು ತರಿಸಿ ಕುಡಿಸಿದನು, ಅವಳು ಚೇತರಿಸಿಕೊಂಡಳು. ಆದರೆ ಜೂನ್ ೨೯ರಂದು ಕ್ಲಾರ್ಕನು ಶಾರ್ಬೊನೊ, ಸಕಾಗವಿಯಾ, ಮಗು ಇವರೊಡನೆ ಮಳೆಗೆ ಹೆದರಿ ಒಂದು ಕಣಿವೆಯ ಬಂಡೆಯ ಕೆಳಗೆ ನಿಂತಿರಲು, ಮೇಲಿನಿಂದ ಪ್ರವಾಹವು ಬಂಡೆಗಳನ್ನು ಉರುಳಿಸುತ್ತ ಒಮ್ಮೆಲೇ ಇಳಿದುಬಂದಿತು. ತಾಯಿಯು ಮಗುವನ್ನು ಬಾಚಿಕೊಳ್ಳುವಷ್ಟರಲ್ಲಿ ಅದು ಮಲಗಿದ್ದ ಬಲೆಯ ಹಾಸು ನೀರುಪಾಲಾಯಿತು. ಕ್ಲಾರ್ಕನು ಒಂದು ಕೈಯಲ್ಲಿ ಬಂದೂಕನ್ನು ಹಿಡಿದು ಇನ್ನೊಂದರಿಂದ ಅವಳನ್ನು ಮೇಲಕ್ಕೆ ನೂಕುತ್ತ ದಡ ಹತ್ತಿಸಿದನು. ಅವರು ಹತ್ತಿ ನಿಲ್ಲುವಾಗ ಕಣಿವೆಯಲ್ಲಿ ೧೫ ಅಡಿ ನೀರು. ಕ್ಲಾರ್ಕನ ದೊಡ್ಡ ದಿಕ್ಸೂಚಿಯೂ ಕೊಡೆಯೂ ಹೋದುವು. ಮಗುವಿನ ಬಟ್ಟೆಗಳೆಲ್ಲವೂ ಹೋದುವು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮಗುವಿಗಾಗಿ ತಾಯಿಯು ಏನೇನನ್ನು ಅಣಿಮಾಡಿಕೊಂಡಿದ್ದಳೆಂದು ಯಾವ ಪಟ್ಟಿಯಲ್ಲಿಯೂ ಬರೆದಿಲ್ಲ. ಅದಕ್ಕೆ ಹಾಸೊಂದಿತ್ತು, ಬಟ್ಟೆಗಳಿದ್ದುವು ಎಂಬುದು ತಿಳಿದುಬರುವುದು ಅವು ಕೊಚ್ಚಿಹೋದ ದಿನದ ದಿನಚರಿಯಿಂದ. ನಾಯಕರ ಸಿದ್ಧತೆಗೆ ಕಡತಗಳು ಸಾಕ್ಷಿ. ತಾಯಿಯ ಸಿದ್ಧತೆಗೆ ನಷ್ಟವೇ ಸಾಕ್ಷಿ. ಆ ಹೊತ್ತಿನಲ್ಲಿ ಕ್ಲಾರ್ಕನು ಮಾಡಿದ ಕೆಲಸವು ಮೆಚ್ಚತಕ್ಕದ್ದು. ದಿಕ್ಸೂಚಿಯನ್ನು ಹುಡುಕುತ್ತ ನಿಲ್ಲದೆ, ಚಳಿಯಿಂದ ನಡುಗುವ ಮಗುವಿಗೆ ಬಟ್ಟೆ ದೊರೆಯಲೆಂದು ಎಲ್ಲರನ್ನೂ ಬೇಗಬೇಗನೆ ಬಿಡಾರಕ್ಕೆ ಓಡಿಸಿದನು. ದಿಕ್ಸೂಚಿಯು ಮರುದಿನ ಕೆಸರಿನಲ್ಲಿ ಸಿಕ್ಕಿತು.

ಮಗುವನ್ನು ಕರೆತಂದುದು ತಂಡಕ್ಕೆ ಭಾರವೇ ಆಯಿತೆಂದು ತಿಳಿಯಲಾಗದು. ಹೊರಟ ಎರಡನೆಯ ದಿನವೇ ಸಕಾಗವಿಯಾ ಕೋಲಿನಿಂದ ನೆಲವನ್ನು ಕೆದಕಿ, ಇಲಿಗಳು ಕೂಡಿಟ್ಟಿದ್ದ ಕಾಡುಗೆಡ್ಡೆಗಳನ್ನು ತೆಗೆದು ತಂದಳು. ಪರ್ವತಗಳಾಚೆಯ ಜನರು ಆಯುಧಪಾಣಿಗಳ ನಡುವೆ ಹೆಂಗಸೊಬ್ಬಳನ್ನು ಕಂಡು, ಇವರು ಯುದ್ಧಕ್ಕೆ ಬಂದವರಲ್ಲವೆಂದು ನಂಬಿದರು. ಇದನ್ನು ಕ್ಲಾರ್ಕನೇ ಬರೆದಿರುವನು. ತಂಡದವರೂ ಮಗುವಿಗಾಗಿ ತಮ್ಮ ಕ್ರಮವನ್ನು ಬದಲಿಸಿಕೊಂಡರು. ೧೮೦೬ರ ಮೇ ತಿಂಗಳಿನಲ್ಲಿ ಹಲ್ಲು ಬರುವ ಕಾಲದಲ್ಲಿ ಅದಕ್ಕೆ ಕಾಯಿಲೆಯಾಗಿ ಕುತ್ತಿಗೆ ಊದಿಕೊಂಡಾಗ ಬೇಯಿಸಿದ ಈರುಳ್ಳಿಯ ಪಟ್ಟು ಹಾಕಿದರು. ಆಗಸ್ಟಿನಲ್ಲಿ ಸೊಳ್ಳೆಗಳ ಕಡಿತದಿಂದ ಅದರ ಮುಖವು ಬಾತುಕೊಂಡಿತು. ಫಿಲಡೆಲ್ಫಿಯದಲ್ಲಿ ಅಷ್ಟು ಯೋಚಿಸಿದ್ದ ಪರದೆಗಳು ಆ ವೇಳೆಗೆ ಹರಿದುಹೋಗಿದ್ದುವು. ಜುಲೈ ೨೫ರಂದು ಕ್ಲಾರ್ಕನು ಯೆಲ್ಲೊಸ್ಟೋನ್ ನದಿಯ ದಡದ ದೊಡ್ಡ ಬಂಡೆಯೊಂದಕ್ಕೆ ಮಗುವಿನ ಮುದ್ದಿನ ಹೆಸರಾದ ‘ಪಾಂಪಿ’ ಎಂಬುದನ್ನಿಟ್ಟಿದ್ದನು. ಅದು ಇಂದಿಗೂ ಅದೇ ಹೆಸರಿನಿಂದ ನಿಂತಿರುವುದು.

ಆಗಸ್ಟ್ ೧೭ರಂದು ಮಂಡನ್ ಹಳ್ಳಿಗಳಲ್ಲಿ ತಂಡವು ಅಗಲಿತು. ಶಾರ್ಬೊನೊನಿಗೆ ೫೦೦ ಡಾಲರು ೩೩ ಸೆಂಟುಗಳ ಸಂಬಳ ಸಂದಿತು. ಸಕಾಗವಿಯಾಳಿಗೆ ಏನೂ ಇಲ್ಲ. ಆರಂಭದ ಪಟ್ಟಿಯಲ್ಲಿ ಇಲ್ಲದವಳು ಅಂತ್ಯದ ಲೆಕ್ಕದಲ್ಲಿಯೂ ಇಲ್ಲವಾದಳು. ಮಗುವನ್ನು ತಾನು ಸಾಕಿ ಓದಿಸುವೆನೆಂದು ಕ್ಲಾರ್ಕನು ಕೇಳಿದಾಗ, ಅದು ಇನ್ನೂ ಮೊಲೆ ಬಿಟ್ಟಿಲ್ಲ, ಒಂದು ವರುಷ ಕಳೆಯಲೆಂದು ತಂದೆತಾಯಿಗಳು ಹೇಳಿದರು. ಮಹಾಸಾಗರದವರೆಗೆ ಕರೆದೊಯ್ಯಲು ಅಂಜದ ತಾಯಿಯು ಮಡಿಲಿನಿಂದ ಇಳಿಸಲು ಮಾತ್ರ ಕಾಲವನ್ನು ಕಾಯ್ದಳು. ಮುಂದೆ ಆ ಬಾಲಕನು ಸೇಂಟ್ ಲೂಯಿಯಲ್ಲಿ ಕ್ಲಾರ್ಕನ ಪೋಷಣೆಯಲ್ಲಿ ಓದಿ, ಯೂರೋಪಿನಲ್ಲಿ ಕೆಲವು ವರ್ಷಗಳಿದ್ದು, ೧೮೨೯ರಲ್ಲಿ ಹಿಂದಿರುಗಿ, ಕಾಡುದಾರಿಗಳಲ್ಲಿ ಇತರರಿಗೆ ಮಾರ್ಗದರ್ಶಕನಾಗಿ ಬಾಳಿ ೧೮೬೬ರಲ್ಲಿ ತೀರಿಕೊಂಡನು.

ಎರಡು ವರ್ಷಗಳಿಗೂ ಮೀರಿದ ಆ ಯಾತ್ರೆಯಲ್ಲಿ ಸತ್ತವನು ಒಬ್ಬ ಸೈನಿಕನು ಮಾತ್ರ. ಅವನೂ ಮಗು ಹುಟ್ಟುವುದಕ್ಕೆ ಮೊದಲೇ ಕಾಯಿಲೆಯಿಂದ ಸತ್ತನು. ಹಸುಗೂಸು ಬದುಕಿ ಬಂದಿತು. ಪ್ರವಾಹದ ದಿನ ದಡ ಹತ್ತಿದಾಗ ತಾಯಿಯ ಕೈಯಲ್ಲಿದ್ದುದು ಮಗುವೊಂದೇ. ಉಳಿದುದನ್ನು ಬಿಡಾರದವರು ಒದಗಿಸಿಕೊಟ್ಟರು.