ಹಿಂದೆ ಉಳಿದವಳಿಗಾಗಿ ನಿಲ್ಲುವ ಸವಾರಿ

ಹೆಂಗಸರ ಸೈಕಲ್ ಕ್ಲಬ್ ಎಂದರೆ ಇವತ್ತು ಬೆಂಗಳೂರಿನ ಕಡೆ ನೋಡುವುದು ರೂಢಿ. ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ದಾರಿ ಹಿಡಿಯುವ ಗುಂಪು, ಬಣ್ಣದ ಹೆಲ್ಮೆಟ್ಟು, ಸ್ಕೂಟರಿನ ಬೆಲೆಗೆ ಸಮನಾದ ಗೇರ್ ಸೈಕಲ್, ಇಳಿದು ಬಂದ ಮೇಲೆ ಇಡ್ಲಿ-ಕಾಫಿ. ಅದೇನೂ ಸುಳ್ಳಲ್ಲ, ಆದರೆ ಅದು ಈ ಕತೆಯ ಕೊನೆಯ ತುಂಡು ಮಾತ್ರ. ಕರ್ನಾಟಕದ ಹೆಣ್ಣುಮಕ್ಕಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ, ಗುಂಪು ಕಟ್ಟಿಕೊಂಡು ಪೆಡಲ್ ತುಳಿದದ್ದು ಹೈಸ್ಕೂಲಿನ ದಾರಿಯಲ್ಲಿ, ಬೆನ್ನಿಗೆ ಬ್ಯಾಗು ಹಾಕಿಕೊಂಡು. ಅದನ್ನು ಕ್ಲಬ್ ಎಂದು ಯಾರೂ ಕರೆಯಲಿಲ್ಲ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಬಿಕ್ಕೋಡಿನಂಥ ಹೋಬಳಿ ಕೇಂದ್ರದಿಂದ ನೋಡಿದರೆ ಮಾತ್ರ ಈ ಚರಿತ್ರೆ ಸರಿಯಾದ ಕ್ರಮದಲ್ಲಿ ಕಾಣುತ್ತದೆ.

ಮೊದಲು ಹೊರಗಿನ ಕತೆ, ಚಿಕ್ಕದಾಗಿ. ಎತ್ತರದ ಮುಂಚಕ್ರದ ಮೇಲೆ ಸರ್ಕಸ್ಸಿನಂತೆ ಕೂರಬೇಕಾಗಿದ್ದ ಕಾಲ ಮುಗಿದದ್ದು 1885ರಲ್ಲಿ, ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಮ್ಮಿ ಸಮನಾಗಿರುವ, ಚೈನಿನ 'ರೋವರ್' ಸೈಕಲ್ ತಂದಾಗ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರು ಕೊಟ್ಟ. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಸೈಕಲ್ ಹತ್ತಿದ್ದು ಇದಾದ ಮೇಲೆಯೇ. 1892ರಲ್ಲಿ ಲಿಲಿಯಸ್ ಕ್ಯಾಂಬೆಲ್ ಡೇವಿಡ್‌ಸನ್ ಬ್ರಿಟನ್ನಿನಲ್ಲಿ ಮಹಿಳಾ ಸೈಕಲ್ ಸವಾರರ ಸಂಘ ಕಟ್ಟಿದಳು. ಅಮೆರಿಕದ ಮದ್ಯಪಾನ ವಿರೋಧಿ ಹೋರಾಟಗಾರ್ತಿ ಫ್ರಾನ್ಸಿಸ್ ವಿಲಾರ್ಡ್ ಐವತ್ತು ದಾಟಿದ ಮೇಲೆ ಸೈಕಲ್ ಕಲಿತು, 1895ರಲ್ಲಿ ಅದರ ಬಗ್ಗೆಯೇ ಪುಸ್ತಕ ಬರೆದಳು. ನನ್ನ ಲೆಕ್ಕದಲ್ಲಿ ಪಂದ್ಯ ಗೆದ್ದವರಿಗಿಂತ ಈಕೆ ಮುಖ್ಯ. ದೊಡ್ಡವಳಾದ ಮೇಲೂ ಬಿದ್ದು ಕಲಿಯಬಹುದು ಎಂಬುದಕ್ಕೆ ಸಾಕ್ಷಿ ಈಕೆ. ಸ್ಪರ್ಧೆಯ ಲೋಕವೋ, ಹೆಂಗಸರನ್ನು ಒಳಗೆ ಬಿಟ್ಟುಕೊಳ್ಳಲು ಬೇಕಾದಷ್ಟು ತಡಮಾಡಿತು. 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಗಂಡಸರ ಸೈಕಲ್ ಪಂದ್ಯವಿತ್ತು, ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1984ರಲ್ಲಿ.

ನಮ್ಮಲ್ಲಿ ಸೈಕಲ್ಲು ಬಹಳ ಕಾಲ ಗಂಡಸಿನ ಸೊತ್ತಾಗಿತ್ತು. ಹಾಲಿನವನದು, ಅಂಚೆಯವನದು, ಮೇಷ್ಟರದು. ಸ್ವಾತಂತ್ರ್ಯದ ನಂತರ ಟಿಐ, ಅಟ್ಲಾಸ್, ಹೀರೊ ಕಂಪನಿಗಳು ಸೈಕಲ್ಲನ್ನು ಅಗ್ಗ ಮಾಡಿದರೂ ಹಳ್ಳಿಗೆ ಬಂದದ್ದು ನಡುವೆ ಬಾರ್ ಇರುವ, ಕರೀ ಬಣ್ಣದ ದೊಡ್ಡ ಸೈಕಲ್ಲೇ. ಹುಡುಗರು ಸೈಕಲ್ ಷಾಪಿನಲ್ಲಿ ಗಂಟೆ ಲೆಕ್ಕದ ಬಾಡಿಗೆಗೆ ತಂದು, ಮೊದಲು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್, ಆಮೇಲೆ ಬಾರಿನ ಮೇಲೆ, ಕೊನೆಗೆ ಸೀಟಿನ ಮೇಲೆ ಎಂದು ಮೆಟ್ಟಿಲು ಹತ್ತಿದ ಹಾಗೆ ಕಲಿತರು. ಲಂಗ ಉಟ್ಟ ಹುಡುಗಿಗೆ ಮೊದಲ ಮೆಟ್ಟಿಲೇ ಇರಲಿಲ್ಲ. ಬಾರಿಲ್ಲದ ಲೇಡೀಸ್ ಸೈಕಲ್ ಪೇಟೆಯಲ್ಲಿತ್ತು, ಆದರೆ ಅದನ್ನು ಕೊಡಿಸುವ ಮನೆಗಳು ಎಷ್ಟಿದ್ದವು?

ಈ ಬೀಗ ಒಡೆದದ್ದು ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ, 1990ರ ದಶಕದ ಆರಂಭದಲ್ಲಿ. ಅಲ್ಲಿನ ಸಾಕ್ಷರತಾ ಆಂದೋಲನ 'ಅರಿವೊಳಿ ಇಯಕ್ಕಂ', ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿತು. ಅಂದಿನ ಜಿಲ್ಲಾಧಿಕಾರಿ ಷೀಲಾ ರಾಣಿ ಚುಂಕತ್ ಹೆಂಗಸರಿಗೆ ಸೈಕಲ್ ಸಾಲ ಕೊಡಿಸಲು ಬ್ಯಾಂಕುಗಳ ಬೆನ್ನುಹತ್ತಿದರು. ಕಲ್ಲುಕ್ವಾರಿಯ ಕೂಲಿಯವರು, ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕಿಯರು, ಮುಸ್ಲಿಂ ಯುವತಿಯರು ಕಲಿತರು. ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಕಲಿತರೆಂದು ಪತ್ರಕರ್ತ ಪಿ. ಸಾಯಿನಾಥ್ ವರದಿ ಮಾಡಿದರು. 1992ರ ಮಹಿಳಾ ದಿನದಂದು 1,500ಕ್ಕೂ ಹೆಚ್ಚು ಸೈಕಲ್ ಸವಾರಿಣಿಯರು ಪುದುಕ್ಕೋಟ್ಟೈ ಪಟ್ಟಣವನ್ನೇ ತುಂಬಿಬಿಟ್ಟರು. ಈ ವರದಿ ಇರುವ ಸಾಯಿನಾಥರ ಪುಸ್ತಕ 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂದಿದೆ. ಅದರಲ್ಲಿ ನನಗೆ ಬಹಳ ಹಿಡಿಸಿದ ವಿವರ ಒಂದಿದೆ. ಲೇಡೀಸ್ ಸೈಕಲ್ ಸಾಲದೆ ಹೋದಾಗ ಹೆಂಗಸರು ಜೆಂಟ್ಸ್ ಸೈಕಲ್ಲನ್ನೇ ಹತ್ತಿದರು, ಕೆಲವರಂತೂ ಅದೇ ಬೇಕೆಂದರು. ಯಾಕೆಂದರೆ ನಡುವಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದು. ನಾಜೂಕಿನ ಹೆಂಗಸಿಗೆಂದು ಕಂಪನಿ ಯೋಚಿಸಿದ್ದೇ ಬೇರೆ, ಕೆಲಸವಿರುವ ಹೆಂಗಸು ಆರಿಸಿಕೊಂಡದ್ದೇ ಬೇರೆ. ನೀರು ತರಲು, ಬಸ್ಸಿಗೆ ಕಾಯದೆ ಪೇಟೆಗೆ ಹೋಗಿ ಬೆಳೆದದ್ದು ಮಾರಲು, ಮಗುವನ್ನು ಶಾಲೆಗೆ ಬಿಡಲು ಸೈಕಲ್ ಬೇಕಾಗಿತ್ತು. ಆಂದೋಲನ ನಿಂತದ್ದು ಈ ಕೆಲಸಗಳ ಮೇಲೆ.

ಕರ್ನಾಟಕದ ತಿರುವು 2006-07ರದು. ಎಂಟನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡತೊಡಗಿತು, ಮರುವರ್ಷ ಹುಡುಗರಿಗೂ ವಿಸ್ತರಿಸಿತು. ಎಂಟನೆಯದೇ ಯಾಕೆ? ನಮ್ಮಲ್ಲಿ ಪ್ರಾಥಮಿಕ ಶಾಲೆ ಏಳಕ್ಕೆ ಮುಗಿಯುತ್ತದೆ. ಏಳರವರೆಗೆ ಶಾಲೆ ಊರಿನಲ್ಲೇ, ಎಂಟಕ್ಕೆ ಹೋಬಳಿ ಕೇಂದ್ರಕ್ಕೆ ಹೋಗಬೇಕು. ಹುಡುಗಿ ದೊಡ್ಡವಳಾಗುವ ವಯಸ್ಸೂ ಅದೇ, ತೋಟದ ನಡುವಿನ ನಿರ್ಜನ ದಾರಿಯೂ ಅಲ್ಲಿಂದಲೇ ಶುರು. ಸೈಕಲ್ಲು ಸರಿಯಾಗಿ ಈ ಬಿರುಕಿಗೆ ಸೇತುವೆ ಹಾಕಿತು. ಅದೇ 2006ರಲ್ಲಿ ಬಿಹಾರ ಹೈಸ್ಕೂಲಿನ ಹುಡುಗಿಯರಿಗಾಗಿ ಶುರುಮಾಡಿದ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಅಳೆದು ನೋಡಿದರು: ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು, ಹುಡುಗ-ಹುಡುಗಿಯರ ಅಂತರ ಶೇ 40ರಷ್ಟು ಇಳಿದಿತ್ತು. ಹೆಚ್ಚಿನ ಲಾಭವಾದದ್ದು ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರದ ಹಳ್ಳಿಗಳಿಗೆ.

ನಮ್ಮ ಯೋಜನೆ ವರ್ಷಕ್ಕೆ ಸುಮಾರು 5 ಲಕ್ಷ ಸೈಕಲ್ ಹಂಚುವ ಮಟ್ಟಕ್ಕೆ ಬೆಳೆಯಿತು. ಬಿಡಿಭಾಗಗಳು ಶಾಲೆಯ ಅಂಗಳಕ್ಕೆ ಬಂದು ಅಲ್ಲೇ ಜೋಡಣೆಯಾಗುತ್ತಿದ್ದವು. ಬ್ರೇಕು ಹಿಡಿಯದು, ನಟ್ಟು ಸಡಿಲ ಎಂಬ ದೂರು ಎಂದೂ ತಪ್ಪಲಿಲ್ಲ. ಆದರೂ ಅದು ಮಾಡಿದ ಕೆಲಸ ಯಾವ ಕ್ಲಬ್ಬೂ ಮಾಡಿಲ್ಲ. ಇಡೀ ತರಗತಿಗೆ ಒಟ್ಟಿಗೆ ಸೈಕಲ್ ಸಿಕ್ಕಿದ್ದರಿಂದ ಬಾರದವಳಿಗೆ ಬರುವವಳು ಕ್ಯಾರಿಯರ್ ಹಿಡಿದು ಕಲಿಸಿದಳು, ದಾರಿಯಲ್ಲಿ ಚೈನು ಬಿಟ್ಟರೆ ಎಲ್ಲರೂ ನಿಂತರು. ಒಬ್ಬಳೇ ಸೈಕಲ್ ತುಳಿದರೆ ಊರು ಆಡಿಕೊಳ್ಳುತ್ತದೆ, ಇಪ್ಪತ್ತು ಜನ ತುಳಿದರೆ ದಾರಿ ಬಿಡುತ್ತದೆ. ಕೋವಿಡ್ ಬಂದಾಗ, 2020ರಲ್ಲಿ, ಈ ವಿತರಣೆ ನಿಂತಿತು. 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಯಿತಲ್ಲ, ಸೈಕಲ್ ಇನ್ನೇಕೆ ಎನ್ನುವವರಿದ್ದಾರೆ. ಬಸ್ಸು ಹೋಗುವ ಊರಿನವರ ಮಾತು ಅದು. ಮುಖ್ಯರಸ್ತೆಯಿಂದ ಎಸ್ಟೇಟಿನ ಲೈನ್ ಮನೆವರೆಗಿನ ದಾರಿಗೆ ಯಾವ ಬಸ್ಸೂ ಬರುವುದಿಲ್ಲ.

ಈ ಹಳ್ಳಿಯ ಧಾರೆಗೂ ನಗರದ ಕ್ಲಬ್ ಧಾರೆಗೂ ಮುಖಾಮುಖಿಯೇ ಆಗಲಿಲ್ಲ. ನಗರದ್ದು ಆರೋಗ್ಯ ಮತ್ತು ಸಾಹಸದಿಂದ ಹುಟ್ಟಿದ್ದು. 2008ರಲ್ಲಿ ಟೂರ್ ಆಫ್ ನೀಲಗಿರೀಸ್ ಶುರುವಾಯಿತು. ಫ್ರಾನ್ಸ್ ಮೂಲದ ದೂರಸವಾರಿ 'ಬ್ರೆವೆ' ಬಂದಿತು. ಅಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಿದರೆ ಸಾಕು, ಮೊದಲ ಬಹುಮಾನ ಎಂಬುದೇ ಇಲ್ಲ. ಈ ನಿಯಮ ಹೆಂಗಸರಿಗೆ ಹಿತವೇ, ಆದರೆ 200 ಕಿಲೋಮೀಟರ್ ಹೊಸಬಳ ದೂರವಲ್ಲ. ಉತ್ತರದಲ್ಲಿ ವಿಜಯಪುರ-ಬಾಗಲಕೋಟೆಗಳ ಕ್ರೀಡಾನಿಲಯಗಳು ಸಾಮಾನ್ಯ ಮನೆಯ ಹುಡುಗಿಯರನ್ನು ರಾಷ್ಟ್ರಮಟ್ಟದ ಸ್ಪರ್ಧಿಗಳನ್ನಾಗಿ ಮಾಡಿದವು, ಅದು ಬೇರೆಯೇ ಲೇಖನಕ್ಕೆ ಸಲ್ಲುವ ವಿಷಯ. ಹೊಸಬರನ್ನೂ ಕರೆದ ಪ್ರಯತ್ನಗಳೆಂದರೆ 2013ರ ಅಕ್ಟೋಬರಿನಲ್ಲಿ ಕಬ್ಬನ್ ಪಾರ್ಕಿನಲ್ಲಿ ಶುರುವಾದ 'ಸೈಕಲ್ ಡೇ', ಮತ್ತು 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಂದಿಗೆ ಮೈಸೂರಿಗೆ ಬಂದ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ 'ಟ್ರಿಣ್ ಟ್ರಿಣ್'. ಎರಡರಲ್ಲೂ ಸ್ವಂತ ಸೈಕಲ್ ಇರಲೇಬೇಕೆಂಬ ಷರತ್ತಿರಲಿಲ್ಲ. ಸೀರೆ ಉಟ್ಟವರಿಗೂ ಚೂಡಿದಾರದವರಿಗೂ ಅಲ್ಲಿ ಜಾಗವಿತ್ತು.

ಎಲ್ಲ ಮಟ್ಟದವರಿಗೂ ಸ್ವಾಗತ ಎಂದು ಫಲಕ ಹಾಕುವುದು ಸುಲಭ. ಅದನ್ನು ನಡೆಸಿ ತೋರಿಸಿದವರ ಕ್ರಮ ಗಮನಿಸಬೇಕು. ಬ್ರಿಟಿಷ್ ಸೈಕ್ಲಿಂಗ್ ಸಂಸ್ಥೆ 2011ರಲ್ಲಿ ಶುರುಮಾಡಿದ 'ಬ್ರೀಜ್' ಸವಾರಿಗಳು ಹೆಂಗಸರಿಗೆ ಮಾತ್ರ, ಉಚಿತ, ಮುಂದಾಳೂ ತರಬೇತಿ ಪಡೆದ ಹೆಂಗಸೇ. ದಾರಿ ಎಷ್ಟು ಸುಲಭ, ಎಷ್ಟು ಕಷ್ಟ ಎಂಬುದನ್ನು ಮೊದಲೇ ತಿಳಿಸುತ್ತಾರೆ. 2016ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ 'ಸೈಕಲ್ ಸಿಸ್ಟರ್ಸ್' ಮುಸ್ಲಿಂ ಮಹಿಳೆಯರನ್ನು ಅವರ ಉಡುಪಿನಲ್ಲೇ ರಸ್ತೆಗೆ ತಂದಿತು. 2015ರಿಂದ ಬರ್ಲಿನ್ನಿನ 'ಬೈಕಿಗೀಸ್' ನಿರಾಶ್ರಿತ ಹೆಂಗಸರಿಗೆ ಕಲಿಸುತ್ತಿದೆ. ನಮ್ಮ ಹತ್ತಿರಕ್ಕೆ ಬಂದರೆ ಕೇರಳದ 'ಷೀ ಸೈಕ್ಲಿಂಗ್' ಇದೆ, ಅಲ್ಲೂ ಕಲಿಸುವವರು ಹೆಂಗಸರೇ. ಇಂಥ ಗುಂಪುಗಳ ವೇಗವನ್ನು ನಿರ್ಧರಿಸುವವಳು ಹಿಂದಿನವಳು. ಎಲ್ಲರಿಗಿಂತ ಕೊನೆಗೆ ಒಬ್ಬ ನುರಿತವಳು ಬರುತ್ತಾಳೆ, ತಿರುವು ಬಂದಲ್ಲೆಲ್ಲ ಗುಂಪು ನಿಂತು ತಲೆ ಎಣಿಸುತ್ತದೆ, ಪಂಕ್ಚರ್ ಆದರೆ ಸವಾರಿ ಮುಂದಕ್ಕೆ ಹೋಗುವುದಿಲ್ಲ. ವೇಗದ ಗುಂಪು ಬೇಕಾದವರು ಬೇರೆ ದಿನ ಸೇರಿಕೊಳ್ಳುತ್ತಾರೆ. ಒಂದೇ ಸವಾರಿಯಲ್ಲಿ ಇಬ್ಬರನ್ನೂ ಸಂಭಾಳಿಸಲು ಹೋದ ಗುಂಪಿನಲ್ಲಿ ಹೊಸಬಳು ಎರಡನೇ ವಾರಕ್ಕೆ ಬರುವುದಿಲ್ಲ.

ಇದನ್ನೇ ಬಿಕ್ಕೋಡಿಗೆ ತಂದು ನೋಡೋಣ. ಜಿಲ್ಲೆಯಲ್ಲೇ ಅರಸೀಕೆರೆಯ ಕಡೆಯಾದರೆ ತೆಂಗಿನ ಬಯಲು, ಯಾವ ಹೊತ್ತಿಗೂ ಹೊರಡಬಹುದು. ಬೇಲೂರು-ಹಳೇಬೀಡಿನ 16 ಕಿಲೋಮೀಟರು ಮಧ್ಯಮ ಸವಾರಿಗೆ ಹೇಳಿ ಮಾಡಿಸಿದ ದೂರ, ಎರಡೂ ತುದಿಯಲ್ಲಿ ನೆರಳು-ನೀರು ಇದೆ. ಅಲ್ಲಿನ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಪ್ರವಾಸಿ ಕಾರುಗಳ ಭಯವೊಂದೇ. ಬಿಕ್ಕೋಡು ಹಾಗಲ್ಲ. ಇಲ್ಲಿ ಏರಿಳಿತದ ದಾರಿ, ಎರಡೂ ಕಡೆ ಕಾಫಿ ತೋಟ, ತೋಟದೊಳಗೆ ಕಾಡಾನೆ. ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಇದೇ ಜಿಲ್ಲೆಯ ಯಸಳೂರಿನ ಬಳಿ ಕಾಡಾನೆ ಕಾರ್ಯಾಚರಣೆಯಲ್ಲಿ ಸತ್ತದ್ದು 2023ರ ಡಿಸೆಂಬರ್ 4ರಂದು. 2025ರ ಆರಂಭದಲ್ಲಿ ಬೇಲೂರು ತಾಲ್ಲೂಕಿನಲ್ಲಿ ಆನೆ ದಾಳಿಗೆ ಜನ ಬಲಿಯಾಗಿ, ಮತ್ತೆ ಸಾಕಾನೆಗಳನ್ನು ಕರೆಸಬೇಕಾಯಿತು.

ಹಾಗಾಗಿ ಬೆಂಗಳೂರಿನ ಬೆಳಗಿನ ಐದೂವರೆಯ ಸವಾರಿ ಇಲ್ಲಿ ಸಾಹಸವಲ್ಲ, ಹುಚ್ಚುತನ. ಬಿಕ್ಕೋಡಿನಂಥ ಊರಿನಲ್ಲಿ ಹೆಂಗಸರ ಕ್ಲಬ್ ಕಟ್ಟುವುದಾದರೆ ಮೊದಲು ಸಮಯ ಬದಲಾಗಬೇಕು: ಬಿಸಿಲು ಏರಿ, ಮಂಜು ಕರಗಿ, ಕೂಲಿಯವರ ಪಿಕಪ್‌ಗಳು ಓಡಾಡತೊಡಗಿದ ಮೇಲೆ ಹೊರಟು, ಸಂಜೆಗೆ ಬಹಳ ಮುಂಚೆ ಮನೆ ಸೇರುವಂತಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಆಗ ಯಾವ ಹೆಂಗಸಿಗೂ ಬಿಡುವಿಲ್ಲ. ಉಳಿಯುವುದು ಬೇಸಿಗೆಯ ಮೂರು ತಿಂಗಳು, ಅಕ್ಟೋಬರಿನ ಒಂದಿಷ್ಟು ವಾರ. ಕಲಿಯಲು ಹೈಸ್ಕೂಲಿನ ಮೈದಾನ ಸಾಕು. ಆನೆ ಎಲ್ಲಿದೆ ಎಂಬ ಸುದ್ದಿಯನ್ನು ಅರಣ್ಯ ಇಲಾಖೆ ಈಗಾಗಲೇ ಮೊಬೈಲಿಗೆ ಕಳಿಸುತ್ತಿದೆ, ತೋಟದವರ ವಾಟ್ಸ್ಯಾಪ್ ಗುಂಪುಗಳಲ್ಲಿ ಅದು ಕ್ಷಣದಲ್ಲಿ ಹರಡುತ್ತದೆ. ಸವಾರಿ ಇವತ್ತು ಯಾವ ದಾರಿಯಲ್ಲಿ ಎಂಬುದನ್ನು ಕ್ಲಬ್ಬಿನ ಮುಂದಾಳು ಆ ಸಂದೇಶ ನೋಡಿ ಬೆಳಿಗ್ಗೆಯೇ ಗೊತ್ತುಮಾಡಬೇಕಾಗುತ್ತದೆ.